ಕಂಬ ಕಂಡವನು

ಈಗ ನಾನು ಲೋಕಲ್ ಟ್ರೇನಿನಲ್ಲಿ ಬಾಗಿಲ ಹತ್ತಿರ ನಿಲ್ಲುವುದಿಲ್ಲ. ಒಳಗೆ ಸೀಟುಗಳ ನಡುವಿನ ಸಂದಿಯಲ್ಲಿ, ಯಾರದೋ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನಿಲ್ಲುತ್ತೇನೆ. ಕೋಪರ ಸ್ಟೇಷನ್ ಬಿಟ್ಟ ಮೇಲೆ ದಿವಾ ಬರುವ ತನಕ ಕಣ್ಣು ಮುಚ್ಚಿಕೊಳ್ಳುತ್ತೇನೆ. ಮುಚ್ಚಿದರೂ ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಬಾಗಿಲಿನಿಂದ ಬರುವ ಗಾಳಿಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನ ವಾಸನೆ ಸೇರುತ್ತದೆ. ಆಮೇಲೆ ಹಳಿಯ ಪಕ್ಕದ ಕಂಬಗಳು ಒಂದೊಂದಾಗಿ ಗಾಳಿಯನ್ನು ಕಡಿದುಕೊಂಡು ಹಿಂದಕ್ಕೆ ಹೋಗುವ ಸದ್ದು. ಒಂದು ಜಾಗದಲ್ಲಿ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಒಮ್ಮೆ ಕೂಗು ಹೊರಗೆ ಬಂದೇ ಬಿಟ್ಟಿತು. ಎದುರು ಸೀಟಿನಲ್ಲಿ ಪೇಪರ್ ಓದುತ್ತಿದ್ದ ಹಿರಿಯರು ತಲೆಯೆತ್ತಿ, "ಕಾಯ್ ಝಾಲಂ?" ಎಂದು ಕೇಳಿದರು.

"ಕಾಹೀ ನಾಹೀ, ಕಾಕಾ" ಎಂದೆ.

ಏನೂ ಆಗಲಿಲ್ಲ ಎಂದು ಹೇಳುವುದು ನನಗೆ ಅಭ್ಯಾಸವಾಗಿ ಹೋಗಿದೆ. ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನೂ ನನ್ನ ಗೆಳೆಯನೂ ಡೊಂಬಿವಲಿ ಪೂರ್ವದ ಒಂದೇ ಬಿಲ್ಡಿಂಗ್‌ನಲ್ಲಿ ಬೆಳೆದವರು. ಅವರದು ಎರಡನೆಯ ಮಹಡಿ, ನಮ್ಮದು ಮೂರನೆಯದು. ಎರಡೂ ಮನೆಯವರು ಉಡುಪಿ ಕಡೆಯವರು. ಮನೆಯೊಳಗೆ ತುಳು, ಮೆಟ್ಟಿಲ ಮೇಲೆ ಕನ್ನಡ, ಗೇಟು ದಾಟಿದರೆ ಹಿಂದಿ, ಮರಾಠಿ. ಅವನ ಅಪ್ಪ ಥಾಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಸುಕಿಗೇ ಹೊರಟು ಹೋಗುತ್ತಿದ್ದ ಅವರ ಚಪ್ಪಲಿಯ ಸದ್ದು ನಮ್ಮ ಮನೆಗೆ ಅಲಾರಂ ಇದ್ದ ಹಾಗೆ.

ಹನ್ನೊಂದನೆಯ ತರಗತಿಗೆ ನಾವಿಬ್ಬರೂ ಥಾಣೆಯ ಕಾಲೇಜಿಗೆ ಸೇರಿದೆವು. ಬಾಗಿಲು ಶುರುವಾದದ್ದು ಆಗ. ಈ ಕಡೆಯವರಿಗೆ ಬಾಗಿಲು ಎಂದರೆ ಸಾಕು, ಆದರೂ ಹೇಳುತ್ತೇನೆ. ಡೊಂಬಿವಲಿಯಿಂದಲೇ ಹೊರಡುವ ಬೆಳಗಿನ ಸ್ಲೋ ಲೋಕಲ್ಲಿನಲ್ಲಿ, ಪ್ಲಾಟ್‌ಫಾರ್ಮ್ ಬಾರದ ಕಡೆಯ ಬಾಗಿಲು ನಮ್ಮ ಗ್ರೂಪಿನದು. ಹತ್ತು ಹನ್ನೆರಡು ಗಂಡಸರು, ವರ್ಷಗಟ್ಟಲೆ ಗಾಡಿಯ ಅದೇ ಡಬ್ಬಿ, ಅದೇ ಜಾಗ. ಯಾರ ಹೆಂಡತಿ ಊಟಕ್ಕೆ ಏನು ಕಟ್ಟಿದ್ದಾಳೆಂದು ಎಲ್ಲರಿಗೂ ಗೊತ್ತು, ಆದರೆ ಒಬ್ಬನ ಕಷ್ಟ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಒಬ್ಬ ಹೊರಗೆ ನಿಲ್ಲುತ್ತಾನೆ: ಹಿಮ್ಮಡಿ ಬಾಗಿಲ ಅಂಚಿನ ಮೇಲೆ, ಒಂದು ಕೈ ನಡುವಿನ ಸರಳಿನ ಮೇಲೆ, ಮುಖ ಒಳಗೆ, ಬೆನ್ನು ಗಾಳಿಗೆ. ಹಾಗೆ ನಿಂತವನಿಗೆ ಮುಂದೆ ಬರುವ ಕಂಬ ಕಾಣುವುದಿಲ್ಲ. ಅದಕ್ಕೆ ಸರಳಿನ ಹಿಂದೆ ಇನ್ನೊಬ್ಬ ನಿಂತು, ತಲೆಯನ್ನಷ್ಟೇ ಹೊರಗೆ ಹಾಕಿ, ಮುಂದೆ ನೋಡುತ್ತಿರುತ್ತಾನೆ. ಹಳಿಗೆ ತೀರ ಹತ್ತಿರವಿರುವ ಕಂಬ ಬಂದಾಗ "ಖಂಬಾ!" ಎಂದು ಕೂಗಬೇಕು. ಹೊರಗಿನವನು ಸರಳಿಗೆ ಅಂಟಿಕೊಳ್ಳುತ್ತಾನೆ. ಕಂಬ ಹೋಗುತ್ತದೆ. ಕೂಗುವವನು ಮಾತಾಡಬಾರದು, ಫೋನ್ ತೆಗೆಯಬಾರದು, ಒಳಗೆ ಜಗಳವಾದರೂ ತಿರುಗಬಾರದು. ಇಷ್ಟೇ ನಿಯಮ. ಯಾರೂ ಬರೆದಿಟ್ಟದ್ದಲ್ಲ.

ಮೂರ್ಖತನ ಎಂದು ಆಗಲೂ ಗೊತ್ತಿತ್ತು. ಆದರೆ ಹದಿನಾರರಲ್ಲಿ ಅದನ್ನು ಮಾಡದವನನ್ನು ಏನೆಂದು ಕರೆಯುತ್ತಾರೆಂಬುದೂ ಗೊತ್ತಿತ್ತು.

ಗೆಳೆಯ ಹೊರಗೆ ನಿಲ್ಲುತ್ತಿದ್ದ. ನಾನು ಕೂಗುತ್ತಿದ್ದೆ. ಹದಿಮೂರು ವರ್ಷ. ನಾನು ಬಿ.ಎ. ಓದಲು ಕಲ್ಯಾಣಕ್ಕೆ ಹೋದ ಮೂರು ವರ್ಷ ಬಿಟ್ಟರೆ, ಅವನ ಬೆನ್ನಿನ ಹಿಂದೆ ಬರುವುದೆಲ್ಲವನ್ನೂ ನೋಡುವ ಕೆಲಸ ನನ್ನದಾಗಿತ್ತು. ಅವನಿಗೆ ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕಿತು, ನನಗೆ ಬೇಲಾಪುರದಲ್ಲಿ ಒಬ್ಬ ಆರ್ಕಿಟೆಕ್ಟ್ ಆಫೀಸಿನಲ್ಲಿ, ನಕ್ಷೆಗಳ ಫೈಲು ಹಿಡಿದು ಸರ್ಕಾರಿ ಕಟ್ಟಡಗಳ ಮಹಡಿ ಹತ್ತಿ ಇಳಿಯುವ ಕೆಲಸ. ಥಾಣೆಯ ತನಕ ಬಾಗಿಲು, ಆಮೇಲೆ ಒಟ್ಟಿಗೆ ಪನ್ವೇಲ್ ಗಾಡಿ, ಐರೋಲಿಯಲ್ಲಿ ಅವನು ಇಳಿದ ಮೇಲೆ ನನ್ನ ದಿನ ಶುರು. ಕಂಬ ಬಂದಾಗ ಅವನು ಸರಳಿಗೆ ಅಂಟಿಕೊಳ್ಳುವಾಗ ಒಂದು ಕ್ಷಣ ಅವನ ಎದೆ ನನ್ನ ಭುಜಕ್ಕೆ ಒತ್ತುತ್ತಿತ್ತು. ಆ ದಾರಿಯಲ್ಲಿ ಹಾಗೆ ಕೂಗಬೇಕಾದ ಕಂಬಗಳು ಹನ್ನೊಂದು. ಇದಕ್ಕಿಂತ ಹೆಚ್ಚಿಗೆ ನಾನು ಏನನ್ನೂ ಕೇಳಿರಲಿಲ್ಲ. ನನಗೆ ನಾನೇ ಕೂಡ ಏನನ್ನೂ ಕೇಳಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ ಮೈಸೂರಿನವನು ಬಂದ. ಗೆಳೆಯನ ಟೀಮಿಗೆ ಹೊಸದಾಗಿ ಸೇರಿದವನು. ತೆಳ್ಳಗೆ, ಕನ್ನಡಕ, ಚೀಲದಲ್ಲಿ ಯಾವಾಗಲೂ ಒಂದು ಪುಸ್ತಕ. ಗೆಳೆಯನೇ ನಮ್ಮ ಹಿಂದಿನ ಗಲ್ಲಿಯಲ್ಲಿ ಅವನಿಗೆ ಬಾಡಿಗೆ ಕೋಣೆ ಹುಡುಕಿಕೊಟ್ಟ. ಮೊದಲ ದಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬಂದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದು, "ಗುರು, ಇದ್ರಲ್ಲಿ ಜನ ಹೋಗ್ತಾರಾ, ಮೂಟೆ ಹೋಗುತ್ತಾ?" ಎಂದ.

"ನೀನು ಮೂಟೆ ಆಗು. ನಾನು ಹಮಾಲಿ" ಎಂದ ಗೆಳೆಯ, ನಗುತ್ತಾ ಅವನ ಹೆಗಲು ಹಿಡಿದು ಒಳಗೆ ನೂಕಿದ. ಆ ನಗು ನನಗೆ ಹೊಸದು. ಅವನ ಎಲ್ಲ ನಗುಗಳೂ ನನಗೆ ಗೊತ್ತಿವೆ ಎಂದುಕೊಂಡಿದ್ದೆ.

ಮೈಸೂರಿನವನಿಗೆ ಸಿನಿಮಾ ಹುಚ್ಚು. ಭಾನುವಾರ ಮಧ್ಯಾಹ್ನ ಅವನ ಕೋಣೆಯಲ್ಲಿ ಸಿನಿಮಾ. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಕಿಟಕಿಗೆ ಟವೆಲ್ ಹಾಕಿ, ಒಂದು ಸಣ್ಣ ಪ್ರೊಜೆಕ್ಟರ್ ಇಟ್ಟು. ಕೋಣೆಯ ಹಿಂದಿನ ಹಳಿಯಲ್ಲಿ ಗಾಡಿ ಹೋದರೆ ಬೆಡ್‌ಶೀಟ್ ನಡುಗಿ ಚಿತ್ರದೊಳಗಿನ ಸಮುದ್ರ ಇನ್ನಷ್ಟು ಸಮುದ್ರವಾಗುತ್ತಿತ್ತು. ಅವನಿಗೆ ಇಷ್ಟವಾದದ್ದು ಒಂದೇ ಬಗೆಯ ಕಥೆ: ಹುಡುಗರು ಗಂಡಸರಾಗುವ ಕಥೆ. ಬೇರೆ ಬೇರೆ ದೇಶದ್ದು, ಬೇರೆ ಬೇರೆ ಭಾಷೆಯದು. ಅಂಥ ಕಾದಂಬರಿಗಳನ್ನು ನಾನೂ ಕಲ್ಯಾಣದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಆರು ಪುಟ ಉತ್ತರ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ. ಆ ಉತ್ತರದಲ್ಲಿ ಎಲ್ಲರೂ ಇದ್ದರು, ನಾನು ಇರಲಿಲ್ಲ.

ನಾನು ಮರೆಯದ ಭಾನುವಾರ ತೋರಿಸಿದ್ದು ಯಾವುದೋ ಚಳಿ ದೇಶದ ಮೀನುಗಾರರ ಊರಿನ ಚಿತ್ರ. ಆ ಊರಿನ ಹುಡುಗರು ಹದಿನಾರು ತುಂಬಿದ ಮೇಲೆ ಹಳೆಯ ದೀಪಸ್ತಂಭದ ಮೆಟ್ಟಿಲಿಂದ ಸಮುದ್ರಕ್ಕೆ ಹಾರಬೇಕು. ಹಾರದವನಿಗೆ ದೋಣಿಯಲ್ಲಿ ಜಾಗವಿಲ್ಲ. ಒಬ್ಬ ಹಾರುತ್ತಾನೆ, ಅವನ ಗೆಳೆಯ ಬಂಡೆಯ ಮೇಲೆ ಅವನ ಅಂಗಿ ಹಿಡಿದುಕೊಂಡು ನೋಡುತ್ತಾ ಕೂತಿರುತ್ತಾನೆ. ಅಷ್ಟೇ ಎನ್ನಬಹುದಾದ ಕಥೆ.

ಮುಗಿದ ಮೇಲೆ ಮೈಸೂರಿನವನು ಟೀ ಸೋಸುತ್ತಾ, "ಈ ಥರದ ಕಥೆ ಯಾವ್ದೇ ತಗೋ. ಒಬ್ಬ ಹಾರ್ತಾನೆ, ಒಬ್ಬ ನೋಡ್ತಾನೆ. ದೊಡ್ಡೋನಾದ್ಮೇಲೆ ಕಥೆ ಹೇಳೋನು ನೋಡ್ದೋನೇ. ಹಾರ್ದೋನು ಹೇಳೋದೇ ಇಲ್ಲ. ಅವ್ನಿಗೆ ಏನನ್ನಿಸ್ತು ಅಂತ ಯಾರಿಗೂ ಗೊತ್ತಾಗಲ್ಲ" ಎಂದ.

"ಎಂತದೂ ಅನ್ನಿಸುದಿಲ್ಲ" ಎಂದ ಗೆಳೆಯ. ಅವನು ಗೋಡೆಗೆ ಒರಗಿ ಕೂತಿದ್ದ. "ಕೆಳಗೆ ಯಾರೆಲ್ಲ ನೋಡ್ತಾ ಇದ್ದಾರೆ ಅಂತ ಮಾತ್ರ ಅನ್ನಿಸ್ತದೆ."

ಆಮೇಲೆ ಅವನು ಹೇಳತೊಡಗಿದ. ನನಗಲ್ಲ, ಮೈಸೂರಿನವನಿಗೆ. ನಾನು ಕೋಣೆಯಲ್ಲಿದ್ದೆ ಅಷ್ಟೇ.

"ನಂಗೆ ಹನ್ನೆರಡು ವರ್ಷ ಇರುವಾಗ ಇಲ್ಲಿ ಕನ್ನಡದವರ ವಾರ್ಷಿಕೋತ್ಸವದಲ್ಲಿ ಮಕ್ಕಳ ಯಕ್ಷಗಾನ ಮಾಡಿದ್ರು. ನಂಗೆ ಸ್ತ್ರೀವೇಷ. ಮಸ್ತ್ ಚಪ್ಪಾಳೆ ಬಿತ್ತು. ಮನೆಗೆ ಬಂದು ಎಲ್ಲ ತೆಗೆದೆ, ಕಣ್ಣಿನ ಕಾಡಿಗೆ ಮಾತ್ರ ತೆಗಿಲಿಲ್ಲ. ಇರ್ಲಿ ಅನ್ನಿಸ್ತು. ಚಂದ ಕಾಣ್ತಿತ್ತು. ಹಾಗೇ ಮಲಗಿದೆ. ಬೆಳಿಗ್ಗೆ ಅಪ್ಪ ನೋಡಿದ್ರು."

"ಹೊಡೆದ್ರಾ?"

"ಹೊಡೆದಿದ್ರೆ ಆಗ್ತಿತ್ತು. ಪಾತ್ರೆ ತಿಕ್ಕುವ ನಾರು ತಂದು ಉಜ್ಜಿದ್ರು. ಕಣ್ಣಿನ ಸುತ್ತ. ಅಮ್ಮ ಬಾಗಿಲ ಹತ್ರ ನಿಂತಿದ್ರು. ಅಪ್ಪ ಒಂದು ಮಾತೂ ಆಡ್ಲಿಲ್ಲ, ದೊಡ್ಡ ಪಾತೇಲಿ ತಿಕ್ಕಿದ ಹಾಗೆ ತಿಕ್ಕಿದ್ರು. ಆಮೇಲೆ ಹೊತ್ತಾಯ್ತು ಅಂತ ಹೋಟೆಲಿಗೆ ಹೋದ್ರು."

ಮೈಸೂರಿನವನು ಟೀ ಲೋಟ ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತ. ಗೆಳೆಯ ಅತ್ತ. ಅವನು ಅಳುವುದನ್ನು ನಾನು ಆ ತನಕ ನೋಡಿರಲಿಲ್ಲ. ಅವನ ಅಜ್ಜಿ ತೀರಿಕೊಂಡಾಗಲೂ ಇಲ್ಲ.

ನಾನು ಏನು ಮಾಡಿದೆ? ಲೋಟಗಳನ್ನು ತೊಳೆಯಲು ಎದ್ದೆ. ನಲ್ಲಿಯ ಕೆಳಗೆ ಮೂರು ಲೋಟಗಳನ್ನು ಎಷ್ಟು ಹೊತ್ತು ತೊಳೆದೆನೋ. ಅಯ್ಯೋ ಪಾಪ ಎಂದು ಮೊದಲು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಹದಿಮೂರು ವರ್ಷ ಇವನ ಬೆನ್ನು ಕಾಯ್ದವನು ನಾನು, ಎಂಟು ತಿಂಗಳ ಹಿಂದೆ ಬಂದವನಿಗೆ ಇದನ್ನು ಹೇಳಿದನಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಇನ್ನೊಂದು ನೆನಪಾಯಿತು, ಅದು ಇದಕ್ಕಿಂತ ಕೆಟ್ಟದ್ದು. ಆ ಯಕ್ಷಗಾನವನ್ನು ನಾನು ಎರಡನೆಯ ಸಾಲಿನಲ್ಲಿ ಕೂತು ನೋಡಿದ್ದೆ. ರಂಗದ ಮೇಲಿರುವುದು ಇವನೇ ಎಂದು ಗೊತ್ತಿದ್ದೂ ಕಣ್ಣು ಕೀಳಲಾಗಿರಲಿಲ್ಲ. ಮರುದಿನ ಅವನು ಕೆಂಪು ಊದಿದ ಕಣ್ಣುಗಳೊಂದಿಗೆ ಕೆಳಗೆ ಬಂದಾಗ ಬಿಲ್ಡಿಂಗಿನ ಹುಡುಗರು "ಬಾಯಲ್ಯಾ, ಬಾಯಲ್ಯಾ" ಎಂದು ಕೂಗಿದರು. ಹೆಣ್ಣಿಗ ಎಂದು ಹಂಗಿಸುವ ಮರಾಠಿ ಮಾತು ಅದು. ಮೊದಲು ಕೂಗಿದವನು ನಾನಲ್ಲ. ಆದರೆ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಹಿಂದಿನ ಸಂಜೆ ನಾನು ಅವನನ್ನು ಹೇಗೆ ನೋಡಿದೆನೆಂದು ಯಾರಿಗೂ ಗೊತ್ತಾಗಬಾರದಿತ್ತಲ್ಲ.

ನನಗೆ ಅವನು ಯಾಕೆ ಹೇಳಬೇಕಿತ್ತು?

ಆಮೇಲಿನ ತಿಂಗಳುಗಳಲ್ಲಿ ನಾನು ಚಿಕ್ಕವನಾಗುತ್ತಾ ಹೋದೆ. ಅವರಿಬ್ಬರೂ ಐರೋಲಿಯಲ್ಲಿ ಒಟ್ಟಿಗೆ ಇಳಿಯುವುದನ್ನು ನೋಡುತ್ತಿದ್ದೆ. ಗಾಡಿ ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡುತ್ತಿದ್ದೆ, ಅವರು ಒಮ್ಮೆಯೂ ತಿರುಗುತ್ತಿರಲಿಲ್ಲ. ಗೆಳೆಯನ ಮಾತಿಗೆ ಮೈಸೂರು ಸೇರಿಕೊಂಡಿತು. "ಹೌದು ಕಣೋ" ಎಂದು ನನಗೇ ಹೇಳಿದ ಒಂದು ದಿನ. ಗಾಡಿಯಲ್ಲಿ ಮೈಸೂರಿನವನು ಓದುತ್ತಿದ್ದ ಪುಸ್ತಕದ ಹೆಸರು ನೋಡಿಕೊಂಡು, ಅದನ್ನೇ ತರಿಸಿ, ಅವನಿಗಿಂತ ಮೊದಲು ಓದಿ ಮುಗಿಸಿದೆ. ಅದರಲ್ಲೂ ಒಬ್ಬ ಹುಡುಗ ಇನ್ನೊಬ್ಬ ಹುಡುಗನನ್ನು ನೋಡುತ್ತಲೇ ಇರುತ್ತಾನೆ. ಮಧ್ಯದಲ್ಲಿ ಒಂದು ಪುಟದಲ್ಲಿ ನಿಂತುಬಿಟ್ಟೆ. ನನಗೆ ಗೆಳೆಯನಂತೆ ಆಗಬೇಕಿತ್ತೇ, ಗೆಳೆಯನೇ ಬೇಕಿತ್ತೇ? ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ರಬಾಳೆ ಮತ್ತು ಘಣಸೋಲಿಯ ನಡುವೆ, ಉತ್ತರ ಗೊತ್ತಾಯಿತು. ಪುಸ್ತಕ ಮುಚ್ಚಿದೆ. ಬೇಲಾಪುರದಲ್ಲಿ ಇಳಿದು ಫೈಲು ಕೊಟ್ಟು ಬಂದೆ.

ಗಣಪತಿ ಹಬ್ಬದ ನಂತರದ ಭಾನುವಾರ ನಾನು ಸಿನಿಮಾಗೆ ಸ್ವಲ್ಪ ಬೇಗ ಹೋದೆ. ಅಮ್ಮ ಕೊಟ್ಟ ಕಡುಬಿನ ಡಬ್ಬಿ ಕೈಯಲ್ಲಿತ್ತು. ಬಾಗಿಲು ತೆರೆದವನು ಗೆಳೆಯ. ಅವನ ಕಣ್ಣಿಗೆ ಕಾಡಿಗೆ ಹಚ್ಚಿತ್ತು. ಹಿಂದೆ ಮೈಸೂರಿನವನು ಕಾಡಿಗೆ ಹತ್ತಿದ ಬೆರಳನ್ನು ಮೇಲಕ್ಕೆ ಹಿಡಿದುಕೊಂಡು ನಿಂತಿದ್ದ. ಗೆಳೆಯ ಹಿಂದೆ ಸರಿಯಲಿಲ್ಲ, ಕಣ್ಣು ಒರೆಸಿಕೊಳ್ಳಲಿಲ್ಲ.

"ಹೇಗುಂಟು?" ಎಂದು ನನ್ನನ್ನೇ ಕೇಳಿದ.

"ಚಂದ ಉಂಟು" ಎಂದೆ. ನಿಜವನ್ನೇ ಹೇಳಿದೆ.

"ನಾವಿಬ್ರು..." ಎಂದು ಅವನು ನಿಲ್ಲಿಸಿದ. "ನಿಂಗೆ ಮೊದ್ಲೇ ಹೇಳ್ಬೇಕು ಅಂತ ಇತ್ತು ಮಾರಾಯ. ಮನೇಲಿ ಯಾರಿಗೂ ಗೊತ್ತಿಲ್ಲ. ನಿಂಗೊಬ್ಬನಿಗೇ."

"ಗೊತ್ತಾಯ್ತು."

"ಸಿಟ್ಟಾ?"

"ನಂಗೆ ಎಂತಕ್ಕೆ ಸಿಟ್ಟು?"

ಡಬ್ಬಿ ಕೊಟ್ಟೆ. ಸಿನಿಮಾ ಪೂರ್ತಿ ಕೂತು ನೋಡಿದೆ. ಯಾವುದೆಂದು ಈಗ ನೆನಪಿಲ್ಲ. ಬೆಡ್‌ಶೀಟಿನ ಬೆಳಕು ಅವನ ಕಾಡಿಗೆಯ ಮೇಲೆ ಬೀಳುತ್ತಿದ್ದದ್ದು ನೆನಪಿದೆ.

ಮರುದಿನ ಸೋಮವಾರ ಪ್ಲಾಟ್‌ಫಾರ್ಮಿನಲ್ಲಿ ನಾನೇ ಮಾತು ತೆಗೆದೆ. ಮೈಸೂರಿನವನು ಎಂದಿನಂತೆ ಚೀಲ ಅಪ್ಪಿಕೊಂಡು ಒಳಗೆ ಓಡಲು ಸಿದ್ಧನಾಗಿದ್ದ. "ದೀಪಸ್ತಂಭದಿಂದ ಹಾರುವವರ ಬಗ್ಗೆ ಎರಡು ಗಂಟೆ ಭಾಷಣ ಮಾಡ್ತೀಯ" ಎಂದೆ, "ಬಾಗಿಲು ಕಂಡ್ರೆ ಮಾತ್ರ ಮದುಮಗಳ ಹಾಗೆ ಒಳಗೆ ಓಡ್ತೀಯಲ್ಲ."

ಗ್ರೂಪಿನವರು ನಕ್ಕರು. ಒಬ್ಬ ಮರಾಠಿಯವನಿಗೆ ಅರ್ಥ ಹೇಳಿದೆ, ಅವನೂ ನಕ್ಕ.

"ಬಿಡು ಮಾರಾಯ, ಅವನಿಗೆ ಎಂತಕ್ಕೆ ಅದೆಲ್ಲ" ಎಂದ ಗೆಳೆಯ.

ಮೈಸೂರಿನವನ ಮುಖ ಕೆಂಪಾಗಿತ್ತು. ಗಂಡಸ್ತನದ ಬಗ್ಗೆ ಅಷ್ಟು ಓದಿದವನು, ಅಷ್ಟು ಚೆನ್ನಾಗಿ ಬಿಡಿಸಿ ಹೇಳುವವನು, ಹತ್ತು ಜನ ನಕ್ಕದ್ದಕ್ಕೆ ಸಿಕ್ಕಿಬಿದ್ದ. ಅದನ್ನು ನೋಡಿ ನನಗೆ ಸಂತೋಷವಾಯಿತೆಂದು ಬರೆಯಲೇಬೇಕು. "ಇಲ್ಲ ಗುರು. ನಾಳೆ ಒಂದ್ಸಲ ನಿಲ್ತೀನಿ. ಕೋಪರದಿಂದ ದಿವಾ ತನಕ" ಎಂದು ನನ್ನ ಕಡೆ ತಿರುಗಿದ. "ಕೂಗೋನು ನೀನೇ ತಾನೆ? ಇನ್ನೇನು ಭಯ."

ಮಂಗಳವಾರ ಮಳೆ ಇರಲಿಲ್ಲ. ಬಿಸಿಲು ಬಂದು ಖಾಡಿಯ ನೀರು ತಗಡಿನಂತೆ ಹೊಳೆಯುತ್ತಿತ್ತು. ಕೋಪರ ಬಿಟ್ಟ ಮೇಲೆ ಅವನು ಹೊರಗೆ ನಿಂತ. ಗೆಳೆಯ ಅವನ ಚೀಲವನ್ನು ತಲೆಗಳ ಮೇಲಿಂದ ಒಳಗೆ ದಾಟಿಸಿ, ಸರಳಿನ ಇನ್ನೊಂದು ಬದಿಗೆ ಬಂದು ನಿಂತ. ನಾನು ನನ್ನ ಜಾಗದಲ್ಲಿ. ಮೊದಲ ಕಂಬಕ್ಕೆ ಕೂಗಿದೆ, ಅವನು ಒರಟಾಗಿ ಸರಳಿಗೆ ಡಿಕ್ಕಿ ಹೊಡೆದು ಅಂಟಿಕೊಂಡ. ಎಲ್ಲರೂ "ಶಾಬ್ಬಾಸ್" ಎಂದರು. ಎರಡನೆಯದಕ್ಕೆ ಕೂಗಿದೆ, ಸರಿಯಾಗಿ ಬಂದ. ನಕ್ಕ. ಕುತ್ತಿಗೆಯಲ್ಲಿದ್ದ ಆಫೀಸಿನ ಐಡಿ ಕಾರ್ಡು ಗಾಳಿಗೆ ಹಾರಿ ಅವನ ಕನ್ನಡಕಕ್ಕೆ ಬಡಿಯುತ್ತಿತ್ತು.

ಮೂರನೆಯ ಕಂಬವನ್ನು ನಾನು ದೂರದಿಂದಲೇ ಕಂಡೆ. ಬೂದು ಬಣ್ಣದ, ಹಳಿಗೆ ವಾಲಿದಂತಿರುವ ಸಿಗ್ನಲ್ ಕಂಬ. ನನಗೆ ಹದಿನಾರನೆಯ ವಯಸ್ಸಿನಿಂದ ಗೊತ್ತಿರುವ ಕಂಬ. ಅದೇ ಹೊತ್ತಿಗೆ ಗೆಳೆಯನ ಕೈ ಮುಂದೆ ಬಂತು. ಹಾರುತ್ತಿದ್ದ ಕಾರ್ಡನ್ನು ಹಿಡಿದು, ದಾರವನ್ನು ಎರಡು ಸುತ್ತು ಸುತ್ತಿ, ಮೈಸೂರಿನವನ ಅಂಗಿಯ ಜೇಬಿಗೆ ಹಾಕಿತು. ಹಾಕಿ, ಜೇಬಿನ ಮೇಲೆ ಮೆಲ್ಲಗೆ ತಟ್ಟಿತು. ಆ ತಟ್ಟುವುದು ಬೇಕಿರಲಿಲ್ಲ. ಅದು ಬರಿಯ ಪ್ರೀತಿ.

ನಾನು ಆ ಕೈ ನೋಡುತ್ತಿದ್ದೆ. ಕಂಬವನ್ನು ಕಂಡಿದ್ದೆ, ಅದು ಬರುತ್ತಿದೆಯೆಂದು ಗೊತ್ತಿತ್ತು, ಬಾಯಿ ತೆರೆದಿತ್ತು, ಸ್ವರ ಬರಲಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಮೈಸೂರಿನವನ ಮುಖ ನನ್ನ ಕಡೆಗೇ ಇತ್ತು. ಅವನು ನನ್ನ ಕಣ್ಣುಗಳಲ್ಲಿ ಏನನ್ನೋ ನೋಡಿದ. ನನ್ನ ಕೂಗು ಬರುವ ಮೊದಲೇ ಅವನು ಒಳಗೆ ಬರತೊಡಗಿದ್ದ. ಆಮೇಲೆ ನಾನು ಕೂಗಿದೆ, ಗೆಳೆಯ ಅವನ ಅಂಗಿ ಹಿಡಿದು ಎಳೆದ, ತೆಂಗಿನಕಾಯಿ ಒಡೆದಂಥ ಸದ್ದು ಬಂತು.

ತಲೆಯಲ್ಲ, ಭುಜ. ಅವನು ನಮ್ಮ ಮೇಲೆ ಬಿದ್ದ. ಕನ್ನಡಕ ಹೊರಗೆ ಹೋಯಿತು. ಕಂಬ ಹಿಂದೆ ಹೋಯಿತು. ಯಾರೋ ದೇವರ ಹೆಸರು ಕೂಗಿದರು, ಯಾರೋ ಚೈನ್ ಎಳೆಯಬೇಡಿ ದಿವಾದಲ್ಲಿ ಇಳಿಸೋಣ ಎಂದರು. ಗೆಳೆಯ ನೆಲದ ಮೇಲೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ನೋಡು ನನ್ನ, ನನ್ನ ನೋಡು" ಎಂದು ಒಂದೇ ಸಮ ಹೇಳುತ್ತಿದ್ದ. ಅಲ್ಲಿಯೂ, ಆ ರಕ್ತದ ನಡುವೆಯೂ, ನನಗೆ ಆ ತೊಡೆಯ ಮೇಲೆ ಹೊಟ್ಟೆಕಿಚ್ಚಾಯಿತು. ಇದಕ್ಕಿಂತ ಕೀಳಾದದ್ದು ನನ್ನಲ್ಲಿ ಇರಲಾರದು ಎಂದುಕೊಂಡಿದ್ದೇನೆ, ಇಲ್ಲವೆಂದು ಖಚಿತವಿಲ್ಲ.

ಥಾಣೆಯ ಆಸ್ಪತ್ರೆಯಲ್ಲಿ ಕೊರಳೆಲುಬು ಮತ್ತು ಭುಜದ ಎಲುಬು ಮುರಿದಿದೆ ಎಂದರು. ಆಪರೇಷನ್ ಆಯಿತು. ಕಾರಿಡಾರಿನಲ್ಲಿ ಗೆಳೆಯ ನನ್ನನ್ನು ಅಪ್ಪಿಕೊಂಡ. ಹದಿಮೂರು ವರ್ಷದಲ್ಲಿ ಮೊದಲ ಸಲ, ಎರಡೂ ಕೈಗಳಿಂದ. "ನೀನು ಕೂಗದಿದ್ರೆ ಅವ ಹೋಗ್ತಿದ್ದ" ಎಂದ ನನ್ನ ಕುತ್ತಿಗೆಯಲ್ಲಿ ಮುಖವಿಟ್ಟು. ನಾನು ಬಹಳ ಕಾಲದಿಂದ ಕಾಯುತ್ತಿದ್ದ ಅಪ್ಪುಗೆ ಅದು. ಬಿಡಿಸಿಕೊಳ್ಳಬೇಕಿತ್ತು. ಇನ್ನೊಂದು ಕ್ಷಣ ಇರಲಿ ಎಂದು ನಿಂತೆ.

ಮೈಸೂರಿನವನು ಎಚ್ಚರವಾದ ಮೇಲೆ ಒಳಗೆ ಹೋದೆ. ಅವನು ನನ್ನನ್ನು ನೋಡಿದ, ಆ ಬಾಗಿಲಲ್ಲಿ ನೋಡಿದಷ್ಟೇ ಹೊತ್ತು. "ಥ್ಯಾಂಕ್ಸ್ ಗುರು" ಎಂದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಆ ಔದಾರ್ಯಕ್ಕೂ ನನಗೆ ಅಸೂಯೆಯಾಯಿತು. ಗೆಳೆಯ ಇವನಲ್ಲಿ ಏನು ಕಂಡನೆಂದು ಆಗ ಅರ್ಥವಾಯಿತು, ಅರ್ಥವಾದದ್ದರಿಂದ ಏನೂ ಕಡಿಮೆಯಾಗಲಿಲ್ಲ.

ದಸರೆಯ ಹಿಂದಿನ ದಿನ ನಮ್ಮ ಗ್ರೂಪಿನವರು ಗಾಡಿಯ ಡಬ್ಬಿಗೆ ಪೂಜೆ ಮಾಡುತ್ತಾರೆ. ಬಾಗಿಲಿಗೆ ಗೊಂಡೆ ಹೂವಿನ ಮಾಲೆ, ಸರಳಿಗೆ ಕುಂಕುಮ, ಮಾವಿನೆಲೆ, ಎಲ್ಲರಿಗೂ ಪೇಡೆ. ಆ ವರ್ಷ ಗ್ರೂಪಿನ ಹಿರಿಯರು, ಎಲ್ಲರೂ ದಾದಾ ಎನ್ನುವವರು, ಒಂದು ಮಾಲೆಯನ್ನು ಉಳಿಸಿಕೊಂಡು ನನ್ನನ್ನು ಕರೆದರು. "ಹ್ಯಾಚಾ ಆವಾಜ್, ತ್ಯಾಚಾ ಜೀವ್" ಎಂದರು. ಇವನ ಸ್ವರ, ಅವನ ಜೀವ. ಮಾಲೆ ನನ್ನ ಕೊರಳಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೆಟ್ಟಾದ ಮೇಲೆ ಅವತ್ತೇ ಮೊದಲ ಸಲ ಕೆಲಸಕ್ಕೆ ಹೊರಟಿದ್ದ ಮೈಸೂರಿನವನು ಒಳಗಿನ ಸೀಟಿನಲ್ಲಿ ಕೂತಿದ್ದ. ಒಂದು ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಇನ್ನೊಂದು ಕೈಯಿಂದ ತೊಡೆಯ ಮೇಲೆ ತಟ್ಟುತ್ತಿದ್ದ. ಅವನ ಪಕ್ಕದಲ್ಲಿ ಗೆಳೆಯ, ಕಣ್ಣು ತುಂಬಿಕೊಂಡು. ಐರೋಲಿಯಲ್ಲಿ ಅವರು ಇಳಿದ ಮೇಲೆ ಮಾಲೆ ತೆಗೆದೆ. ಎಸೆಯಲಾಗಲಿಲ್ಲ. ಫೈಲಿನ ಚೀಲದಲ್ಲಿಟ್ಟುಕೊಂಡು ದಿನವಿಡೀ ಬೇಲಾಪುರದ ಮಹಡಿಗಳನ್ನು ಹತ್ತಿದೆ.

ಆ ಭಾನುವಾರ ಮತ್ತೆ ಸಿನಿಮಾ ಇತ್ತು. ಮೈಸೂರಿನವನೇ ಆರಿಸಿದ್ದ: ದೀಪಸ್ತಂಭದ್ದೇ, ಮತ್ತೊಮ್ಮೆ. ಬೇಕೆಂದೇ ಆರಿಸಿದನೋ ಇಲ್ಲವೋ, ಈಗಲೂ ಕೇಳಿಲ್ಲ. ಗೆಳೆಯ ಅವನಿಗೆ ಚಿತ್ರಾನ್ನವನ್ನು ಚಮಚದಲ್ಲಿ ತಿನ್ನಿಸುತ್ತಿದ್ದ. ಎಡ ಭುಜ ಮುರಿದವನಿಗೆ ತಿನ್ನಿಸುವ ಅಗತ್ಯವಿರಲಿಲ್ಲ.

ಚಿತ್ರ ಮುಗಿಯುವಾಗ ಬಂಡೆಯ ಮೇಲಿನ ಹುಡುಗ ಅಂಗಿಯನ್ನು ಮುಖಕ್ಕೆ ಒತ್ತಿಕೊಳ್ಳುತ್ತಾನೆ. ಮೊದಲ ಸಲ ನಾನು ಅದನ್ನು ಗಮನಿಸಿರಲಿಲ್ಲ.

"ಇವನೊಬ್ಬ ಪುಕ್ಕಲ" ಎಂದ ಗೆಳೆಯ. "ಹಾರ್ಲಿಕ್ಕೆ ಧೈರ್ಯ ಇಲ್ಲ, ಅಂಗಿ ಹಿಡ್ಕೊಂಡು ಕೂತಿದ್ದಾನೆ."

"ಪುಕ್ಕಲ ಅಲ್ಲ ಕಣೋ" ಎಂದ ಮೈಸೂರಿನವನು, ನನ್ನ ಕಡೆ ನೋಡದೆ. "ಅವನಿಗೆ ಹೇಳಕ್ಕೆ ಆಗ್ತಿಲ್ಲ."

ಬೆಡ್‌ಶೀಟ್ ಬಿಳಿಯಾಗಿ ಉರಿಯುತ್ತಿತ್ತು. ಹಿಂದೆ ಗಾಡಿಯೊಂದು ಹೋಯಿತು. ಈಗ ಬಾಯಿ ಮುಚ್ಚಿದರೆ ಆ ಮಾಲೆ ಸಾಯುವ ತನಕ ನನ್ನ ಕೊರಳಲ್ಲೇ ಇರುತ್ತದೆ ಎಂದು ಅನ್ನಿಸಿತು. ತೆರೆದರೆ ಗೆಳೆಯ ನನ್ನನ್ನು ಬಿಟ್ಟು ಹೋಗುತ್ತಾನೆ ಎಂಬುದೂ ಗೊತ್ತಿತ್ತು.

"ನಾನು ಕಂಬ ಕಂಡಿದ್ದೆ" ಎಂದೆ.

ಗೆಳೆಯನ ಚಮಚ ನಿಂತಿತು. "ಎಂತ?"

"ಕಂಬ. ದೂರದಿಂದಲೇ ಕಂಡಿದ್ದೆ. ಕೂಗ್ಲಿಲ್ಲ. ಕೂಗುವಾಗ ತಡ ಆಗಿತ್ತು. ಇವನು ಬದುಕಿದ್ದು ನನ್ನ ಮುಖ ನೋಡಿ."

ಗೆಳೆಯ ಮೈಸೂರಿನವನ ಕಡೆ ತಿರುಗಿದ. ಮೈಸೂರಿನವನು ತಲೆ ತಗ್ಗಿಸಿಕೊಂಡು ಜೋಳಿಗೆಯ ಗಂಟನ್ನು ಸರಿಮಾಡಿಕೊಳ್ಳುತ್ತಿದ್ದ. ಅದೇ ಉತ್ತರವಾಯಿತು.

"ಎಂತಕ್ಕೆ?" ಎಂದ ಗೆಳೆಯ. ಅವನ ಸ್ವರ ತುಂಬಾ ಚಿಕ್ಕದಾಗಿತ್ತು. "ಎಂತಕ್ಕೆ ಕೂಗ್ಲಿಲ್ಲ?"

"ನಿನ್ನ ಕೈ ನೋಡ್ತಿದ್ದೆ."

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅರ್ಥ ಅವನ ಮುಖದ ಮೇಲೆ ನಿಧಾನವಾಗಿ ಇಳಿಯುವುದನ್ನು ನೋಡಿದೆ. ಸಿಟ್ಟು ಬರಲಿ ಎಂದು ಕಾದೆ. ಬಂತು, ಆದರೆ ಅದೊಂದೇ ಬರಲಿಲ್ಲ.

"ಇಷ್ಟು ವರ್ಷ" ಎಂದ. "ಒಂದು ಸಲ ಹೇಳ್ಬಹುದಿತ್ತಲ್ಲ ಮಾರಾಯ. ನಿನ್ನ ಎದುರು ನಾನು ಕಾಡಿಗೆ ಹಚ್ಚಿ ನಿಂತಿದ್ದೆ. ಆಗ್ಲಾದ್ರೂ ಹೇಳ್ಬಹುದಿತ್ತು. ಕಂಬ ಬರುವ ತನಕ ಕಾಯ್ಬೇಕಿತ್ತಾ?"

"ಬಾಯಲ್ಯಾ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು."

"ಗೊತ್ತುಂಟು" ಎಂದ ಅವನು. "ನಿನ್ನ ಸ್ವರ ನಂಗೆ ಗೊತ್ತಿಲ್ವಾ?"

ಹಾಗೆಂದು ಎದ್ದು, ಪ್ರೊಜೆಕ್ಟರ್ ಆರಿಸಿ, ಕಿಟಕಿಯ ಟವೆಲ್ ತೆಗೆದ. ಮಧ್ಯಾಹ್ನದ ಬಿಸಿಲು ಒಳಗೆ ಬಂತು. "ಈಗ ಹೋಗು" ಎಂದ ನನಗೆ ಬೆನ್ನು ಹಾಕಿ. ಬೈಯಲಿಲ್ಲ. ಮೆಟ್ಟಿಲಲ್ಲಿ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೈಸೂರಿನವನು ಬಾಗಿಲ ತನಕ ಬಂದು, "ಸ್ವಲ್ಪ ಟೈಮ್ ಕೊಡು ಗುರು ಅವ್ನಿಗೆ" ಎಂದ. ಅವನ ಭುಜವನ್ನು ಮುರಿದವನಿಗೆ ಅವನೇ ಸಮಾಧಾನ ಹೇಳಿದ. ಅದನ್ನೂ ನಾನು ಸಹಿಸಿಕೊಳ್ಳಬೇಕಾಯಿತು.

ಸೋಮವಾರ ನಾನು ದಾದಾಗೂ ಹೇಳಿದೆ. ಕಾರಣ ಹೇಳಲಿಲ್ಲ, ತಡವಾಗಿ ಕೂಗಿದೆನೆಂದು ಮಾತ್ರ. ಅವರು ಬಾಗಿಲ ಜಾಗದಿಂದ ಪಕ್ಕಕ್ಕೆ ಸರಿದು, ಒಳಗೆ ಹೋಗು ಎಂಬಂತೆ ಗದ್ದ ಆಡಿಸಿದರು. ಅಂದಿನಿಂದ ಒಳಗಿದ್ದೇನೆ.

ಅವರಿಬ್ಬರೂ ಈಗ ನಮ್ಮ ಗ್ರೂಪಿನ ಗಾಡಿಗಿಂತ ಮೊದಲಿನದಕ್ಕೆ ಹೋಗುತ್ತಾರೆ. ಗೆಳೆಯ ಹೊರಗೆ ನಿಲ್ಲುವುದನ್ನು ಬಿಟ್ಟಿದ್ದಾನಂತೆ. ಅಮ್ಮ ಹೇಳಿದಳು, ಅವನ ಅಮ್ಮ ಅವಳಿಗೆ ಹೇಳಿದ್ದಂತೆ. ಮೆಟ್ಟಿಲ ಮೇಲೆ ಸಿಕ್ಕರೆ ಮಾತಾಡುತ್ತಾನೆ: ನೀರು ಬಂತಾ, ಲಿಫ್ಟ್ ರಿಪೇರಿ ಆಯ್ತಾ. ಕಳೆದ ತಿಂಗಳು ಒಂದು ದಿನ, ಎರಡನೆಯ ಮಹಡಿಯಲ್ಲಿ ಅವನ ಕಣ್ಣಂಚಿನಲ್ಲಿ ಒರೆಸಿ ಉಳಿದ ಕಪ್ಪು ಒಂದು ಗೆರೆ ಕಂಡಿತು. "ಕಣ್ಣಲ್ಲಿ ಉಂಟು" ಎಂದೆ. ಅವನು ಒರೆಸಿಕೊಳ್ಳಲು ಕೈ ಎತ್ತಿ, ನಿಲ್ಲಿಸಿ, "ಇರ್ಲಿ" ಎಂದು ಹಾಗೇ ಮನೆಯೊಳಗೆ ಹೋದ. ಒಳಗೆ ಅವನ ಅಪ್ಪ ಇದ್ದರು.

ನಾನು ದಿನವೂ ಆ ಕಂಬವನ್ನು ದಾಟುತ್ತೇನೆ. ಕಣ್ಣು ಮುಚ್ಚಿದಾಗ ಎಲ್ಲವೂ ಮತ್ತೆ ನಡೆಯುತ್ತದೆ, ಆದರೆ ಈಗ ನಾನು ಸರಿಯಾದ ಹೊತ್ತಿಗೆ ಕೂಗುತ್ತೇನೆ. ಮೈಸೂರಿನವನು ಸರಳಿಗೆ ಅಂಟಿಕೊಳ್ಳುತ್ತಾನೆ, ಕಂಬ ಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ, ಕನ್ನಡಕ ಕೂಡ ಮುಖದ ಮೇಲೇ ಇರುತ್ತದೆ. ಎಲ್ಲರೂ ಶಾಬ್ಬಾಸ್ ಎನ್ನುತ್ತಾರೆ. ಆಮೇಲೆ ಆ ಕೈ ಮುಂದೆ ಬಂದು, ಕಾರ್ಡನ್ನು ಜೇಬಿಗೆ ಹಾಕಿ, ಮೆಲ್ಲಗೆ ತಟ್ಟುತ್ತದೆ. ದಿವಾ ಬರುತ್ತದೆ. ನಾನು ಕಣ್ಣು ತೆರೆಯುತ್ತೇನೆ.